ನಾಲ್ಕು ಪುಟದ ಪರಿಚಯ

ಗುಂಡ್ಲುಪೇಟೆಯ ಸ್ನೇಹಸೇವಾ ಕ್ಲಬ್ಬಿನ ಸಭೆ ಪ್ರತಿ ಶನಿವಾರ ಸಂಜೆ ಆರೂವರೆಗೆ ಗಂಟೆ ಬಾರಿಸಿದರೆ ಶುರು, ಎಂಟಕ್ಕೆ ಬಾರಿಸಿದರೆ ಮುಗಿಯಿತು. ನಡುವೆ ಆಕಾಶವೇ ಕಳಚಿ ಬಿದ್ದರೂ ಆ ಹೊತ್ತು ಬದಲಾಗುವುದಿಲ್ಲ. ಅಧ್ಯಕ್ಷ ಗೋವಿಂದಯ್ಯ ಕೊಳ್ಳೇಗಾಲದ ಕಡೆ ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟು, ನಿವೃತ್ತರಾಗಿ ಊರಿಗೆ ಬಂದ ಮೇಷ್ಟ್ರು. ಅವರು ಶಾಲೆ ಬಿಟ್ಟರೂ ಗಂಟೆ ಅವರನ್ನು ಬಿಟ್ಟಿರಲಿಲ್ಲ. ಅವರದು ಇನ್ನೊಂದು ಕಾನೂನೂ ಇತ್ತು. ಮೈಕಿನ ಮುಂದೆ ಒಬ್ಬ ಸದಸ್ಯ ನಿಂತು ಮಾತಾಡುತ್ತಿರುವಾಗ ಬೇರೆ ಯಾರೂ ನಡುವೆ ಬಾಯಿ ಹಾಕಬಾರದು. ಹಾಕಿದವರು ಅಲ್ಲೇ ಎದ್ದು ನಿಂತು ಒಂದು ಹಾಡು ಹೇಳಬೇಕು, ಅವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ. ಹೋದ ವರ್ಷ ಊರಿನ ಹಿರಿಯ ವಕೀಲರೊಬ್ಬರು ಕೋರ್ಟಿನ ಅಭ್ಯಾಸಬಲದಿಂದ ಬಾಯಿ ಹಾಕಿ, ಕೋಟಿನ ಗುಂಡಿ ತಿರುವುತ್ತಾ ಮಕ್ಕಳ ಪದ್ಯ ಹಾಡಬೇಕಾಗಿ ಬಂದಿತ್ತು.

ಈ ಎರಡು ಕಾನೂನುಗಳ ಬೆಲೆ ಶಂಕರನಿಗೆ ಗೊತ್ತಿದ್ದಷ್ಟು ಆ ಕ್ಲಬ್ಬಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಮೂರು ತಿಂಗಳಿಂದ ಅವನು ಅವನ್ನೇ ಮೆಲುಕು ಹಾಕುತ್ತಿದ್ದ.

ಶಂಕರ ಬೇಗೂರಿನ ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕ. ಸುತ್ತಲಿನ ಹಳ್ಳಿಯವರಿಗೆಲ್ಲ ‘ದನದ ಡಾಕ್ಟ್ರು’. ಹೊಟ್ಟೆ ಉಬ್ಬಿದ ಎತ್ತು, ಕೆಚ್ಚಲು ಬಾತ ಹಸು, ಕರು ಅಡ್ಡ ಸಿಕ್ಕಿಕೊಂಡ ಎಮ್ಮೆ, ಏನೇ ಇರಲಿ, ಬೈಕಿನಲ್ಲಿ ಹೋಗಿ, ಕೆಲಸ ಮುಗಿಸಿ, ತಲೆಯಾಡಿಸಿ ಬರುವ ಮನುಷ್ಯ. ದನಗಳ ಹತ್ತಿರ ಮಾತ್ರ ಧಾರಾಳವಾಗಿ ಮಾತಾಡುತ್ತಿದ್ದ, ದನ ನಗುವುದಿಲ್ಲವಲ್ಲ. ಮನುಷ್ಯರ ಹತ್ತಿರ ಅವನ ವ್ಯವಹಾರವೆಲ್ಲ ಮೂರು ಪದದೊಳಗೆ. ಕ್ಲಬ್ಬಿಗೆ ಅವನನ್ನು ಎಳೆದು ತಂದವನು ಬೇಗೂರಿನ ಹಾಲಿನ ಡೈರಿಯ ಶಿವಮಲ್ಲು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮೈಕು ಮುಟ್ಟದೆ ಶಂಕರ ವಡೆ ಕಾಫಿಯ ಏರ್ಪಾಟು ನೋಡಿಕೊಂಡೇ ಕಾಲ ತಳ್ಳಿದ್ದ. ‘ಮಾತು ಕಮ್ಮಿ, ಕೆಲಸ ಜಾಸ್ತಿ’ ಅಂತ ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾತು ಕಮ್ಮಿಯಾದದ್ದು ಅವನ ಆಸೆಯಿಂದಲ್ಲ.

ಅವನಿಗೆ ಉಗ್ಗು. ಹುಟ್ಟಿನಿಂದ ಬಂದದ್ದು, ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಮುಚ್ಚಿಡುವ ವಿದ್ಯೆಯನ್ನು ಮಾತ್ರ ಮೂವತ್ತು ವರ್ಷ ಕೂತು ಕಲಿತಿದ್ದ. ನಾಲಿಗೆ ಸಿಕ್ಕಿಕೊಳ್ಳುವ ಪದ ಎದುರಾದರೆ ಪಕ್ಕದ ಓಣಿಗೆ ತಿರುಗಿ ಬೇರೆ ಪದ ಹಿಡಿಯುವುದು, ಜೇಬಿನೊಳಗೆ ಹೆಬ್ಬೆರಳಿಂದ ತಾಳ ಹಾಕಿಕೊಂಡು ಅರ್ಧ ರಾಗದಲ್ಲಿ ಹೇಳುವುದು, ಫೋನು ಬಂದರೆ ಹೆಂಡತಿ ಚಾಮುಂಡಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗುವುದು. ಎಲ್ಲಕ್ಕಿಂತ ಕಷ್ಟದ ಪದವೆಂದರೆ ಅವನ ಹೆಸರೇ. ಮಗಳು ಹುಟ್ಟಿದಾಗ ಆ ಅಕ್ಷರದ ಹೆಸರು ಬೇಡವೆಂದು ಬೇಡಿಕೊಂಡಿದ್ದ. ಅವ್ವ ಸುಂದ್ರಮ್ಮ ಕೇಳದೆ ಶಾಂತಿ ಅಂತಲೇ ಇಟ್ಟಳು. ಅವನು ‘ಅಮ್ಮಿ’ ಎಂದು ಕರೆದು ಪಾರಾದ. ಆದರೆ ಶಾಂತಿ ಮಾತು ಕಲಿತಾಗ ಅವಳ ನಾಲಿಗೆಯೂ ಅಪ್ಪನ ನಾಲಿಗೆ ಹೋದ ದಾರಿಯನ್ನೇ ಹಿಡಿಯಿತು. ಹಾಗಂತ ಅವಳು ಸುಮ್ಮನಿರುವ ಹುಡುಗಿಯಲ್ಲ. ತಡೆದು ತಡೆದು, ಮುಗ್ಗರಿಸಿ ಎದ್ದು, ಬೆಳಗಿನಿಂದ ಮಲಗುವ ತನಕ ವಟಗುಟ್ಟುತ್ತಿದ್ದಳು. ಆ ವಟವಟವೇ ಶಂಕರನ ಬಾಳಿನ ಸುಖವಾಗಿತ್ತು, ಮೂರು ತಿಂಗಳ ಹಿಂದಿನವರೆಗೆ.

ಅದಕ್ಕೂ ಹಿಂದಿನದು ಒಂದಿದೆ. ತೊಂಬತ್ತಮೂರನೇ ಇಸವಿ, ಒಂಬತ್ತನೇ ಕ್ಲಾಸು. ಸೋಮೇಶ ಅವನ ಸಹಪಾಠಿ. ಸೋಮೇಶನ ಅಪ್ಪ ಪುಟ್ಟಮಲ್ಲಪ್ಪ ಅರಿಸಿನದ ವ್ಯಾಪಾರಿ, ಊರಾಚೆ ದೊಡ್ಡ ಹೊಲದ ಯಜಮಾನ. ಶಂಕರನ ಅಪ್ಪ ಚಿಕ್ಕಬಸವಯ್ಯ ಅದೇ ಹೊಲದಲ್ಲಿ ಆಳು. ಶಾಲೆಗೆ ಸಾಹೇಬರು ಬರುವ ದಿನ ಸ್ವಾಗತ ಭಾಷಣಕ್ಕೆ, ಕ್ಲಾಸಿಗೇ ಮೊದಲಿಗನೆಂದು, ಶಂಕರನನ್ನು ನಿಲ್ಲಿಸಿದರು. ಮಗ ಮಾತಾಡುತ್ತಾನೆಂದು ಚಿಕ್ಕಬಸವಯ್ಯ ಕೆಲಸ ಅರ್ಧಕ್ಕೆ ಬಿಟ್ಟು, ಒಗೆದ ಪಂಚೆ ಉಟ್ಟು ಕಾಂಪೌಂಡಿನ ಆಚೆ ನಿಂತಿದ್ದ. ‘ಸ್ವಾ’ ಅನ್ನುವಲ್ಲಿ ನಾಲಿಗೆ ಸಿಕ್ಕಿಕೊಂಡಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬಿಡಿಸಿಕೊಳ್ಳುತ್ತಿದ್ದನೇನೋ. ಹಿಂದಿನ ಸಾಲಿನಿಂದ ಸೋಮೇಶ ಅವನದೇ ದನಿಯಲ್ಲಿ ‘ಸ್ವಾ ಸ್ವಾ ಸ್ವಾ’ ಎಂದು ಕೂಗಿ, ಕೊನೆಗೆ ‘ಗತ!’ ಎಂದು ಪದ ಮುಗಿಸಿಕೊಟ್ಟ. ಮಕ್ಕಳು ನಕ್ಕರು, ಮೇಷ್ಟ್ರುಗಳು ನಕ್ಕರು, ಸಾಹೇಬರೂ ನಕ್ಕರು. ಶಂಕರ ಕಾಂಪೌಂಡಿನ ಕಡೆ ನೋಡಿದಾಗ ಅಪ್ಪ ತಲೆ ತಗ್ಗಿಸಿಕೊಂಡು ರಸ್ತೆಗೆ ಇಳಿಯುತ್ತಿದ್ದ.

ಮಾರನೆಯ ದಿನ ಹೊಲದಲ್ಲಿ ಪುಟ್ಟಮಲ್ಲಪ್ಪ ಬದುವಿನ ಮೇಲೆ ನಿಂತು ಕೇಳಿದರಂತೆ: “ಏನ್ಲಾ ಚಿಕ್ಕಬಸ್ವ, ನಿನ್ ಮಗ ಭಾರೀ ಭಾಷ್ಣ ಮಾಡ್ಬುಟ್ಟನಂತೆ?” ಜೊತೆಯ ಆಳುಗಳೂ ನಕ್ಕರಂತೆ. ಅಪ್ಪ ಬಗ್ಗಿ ಕಳೆ ಕೀಳುತ್ತಲೇ ಇದ್ದನಂತೆ. ಮನೆಗೆ ಬಂದು ಮಗನಿಗೆ ಹೇಳಿದ್ದು ಇಷ್ಟೇ: “ಬುಡ್ಲಾ ಮಗ, ಮಾತಾಡ್ದೆ ಇದ್ರೆ ಯಾರಪ್ಪನ್ ಗಂಟ್ ಓಯ್ತದೆ? ಬಾಯ್ ಮುಚ್ಕೊಂಡ್ ಇರದ ಕಲ್ತ್ಕೊ.” ಶಂಕರ ಕಲಿತುಕೊಂಡ. ಅಪ್ಪ ಸತ್ತು ಹನ್ನೊಂದು ವರ್ಷವಾಯಿತು. ಮಗ ನಾಲ್ಕು ಜನರ ಮುಂದೆ ಬಾಯಿ ಬಿಟ್ಟದ್ದನ್ನು ನೋಡದೆಯೇ ಹೋದ.

ಸೋಮೇಶ ಮೈಸೂರು ಸೇರಿ ಮಾತನ್ನೇ ಕಸುಬು ಮಾಡಿಕೊಂಡ. ಜನರಿಗೆ ಧೈರ್ಯವಾಗಿ ಮಾತಾಡುವುದನ್ನು ಕಲಿಸುವ ತರಬೇತಿ ಕೇಂದ್ರ, ಮೊಬೈಲಿನಲ್ಲಿ ಲಕ್ಷಾಂತರ ಜನ ನೋಡುವ ವಿಡಿಯೋಗಳು, ಎರಡು ಪುಸ್ತಕ, ಹೋದಲ್ಲೆಲ್ಲ ಶಾಲು ಹಾರ. ಮೂರು ತಿಂಗಳ ಹಿಂದೆ ಚಾಮರಾಜನಗರದಲ್ಲಿ ಎರಡೂ ಊರಿನ ಕ್ಲಬ್ಬುಗಳ ಜಂಟಿ ಸಭೆ ನಡೆದಾಗ ಅವನೇ ಅತಿಥಿ. ಹೆಂಡತಿ ಮಕ್ಕಳ ಸಮೇತ ಬರಬೇಕೆಂದಿದ್ದರಿಂದ ಶಂಕರ ಚಾಮುಂಡಿಯನ್ನೂ ಶಾಂತಿಯನ್ನೂ ಕರೆದುಕೊಂಡು ಹೋಗಿದ್ದ.

“ನಮ್ ಕ್ಲಾಸ್ನಲ್ಲಿ ಶಂಕ್ರ ಅಂತ ಒಬ್ಬ ಇದ್ದ,” ಎಂದು ಸೋಮೇಶ ಮೈಕು ಹಿಡಿದು ಶುರು ಮಾಡಿದ. “ಸ್ಕೂಲಿಗೆ ಸಾಹೇಬ್ರು ಬಂದ್ರು. ಇವನು ಸ್ವಾಗತ ಮಾಡಕ್ಕೆ ನಿಂತ. ಸ್ವಾ... ಸ್ವಾ... ಸ್ವಾ... ಸಾಹೇಬ್ರು ಬಂದ್ರು, ಊಟ ಮಾಡಿದ್ರು, ಜೀಪ್ ಹತ್ತಿ ಹೊರಟೂ ಹೋದ್ರು. ಇವನು ಇನ್ನೂ ಸ್ವಾ... ಸ್ವಾ... ಅಂತಾನೇ ಇದ್ದ!” ಕತ್ತಿನ ನರ ಉಬ್ಬಿಸಿ, ಕಣ್ಣು ಮೇಲೆ ಮಾಡಿ ತೋರಿಸಿದ. ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇವತ್ತು ಆ ಶಂಕ್ರ ಎಲ್ಲಿದ್ದಾನೋ? ಎಲ್ಲೋ ದನ ಕಾಯ್ತಾ ಇರ್ಬೇಕು. ಅದಕ್ಕೇ ಹೇಳೋದು, ಮಾತು ಬಂದವನಿಗೆ ಮೈಕು, ಬಾರದವನಿಗೆ ದನ!”

ಶಂಕರನಿಗೆ ಪಕ್ಕಕ್ಕೆ ತಿರುಗುವ ಧೈರ್ಯ ಬರಲಿಲ್ಲ. ಮನೆಗೆ ಬಂದ ಮೇಲೆ ಶಾಂತಿ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಬರೆದು ಅಪ್ಪನ ಮುಂದೆ ಹಿಡಿದಳು: ‘ಅದು ನೀನಾ?’ ಅವನು ಹೌದೆಂದು ತಲೆಯಾಡಿಸಿದ. ಅಷ್ಟೇ, ಅವಳ ಮಾತು ನಿಂತಿತು. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಮನೆಯಲ್ಲಿ ಊಟ ಬೇಕಾದರೆ ತಟ್ಟೆ ಮುಂದಿಡುತ್ತಾಳೆ. ಕ್ಲಾಸಿನ ಹುಡುಗಿಯರು ಆ ಭಾಷಣದ ವಿಡಿಯೋ ಹುಡುಕಿ ಅವಳ ಕಿವಿಗೇ ಹಿಡಿಯುತ್ತಿದ್ದಾರೆಂದು ಟೀಚರು ಚಾಮುಂಡಿಗೆ ಫೋನು ಮಾಡಿ ಹೇಳಿದರು. ತನಗಾದದ್ದನ್ನು ಮೂವತ್ತು ವರ್ಷ ನುಂಗಿಕೊಂಡಿದ್ದವನಿಗೆ ಇದನ್ನು ನುಂಗಲಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ತನ್ನ ಮಾನ ವಾಪಸು ಬರಲೆಂಬ ಆಸೆ ಶಂಕರನಿಗೆ ಇರಲಿಲ್ಲ. ಸೋಮೇಶನ ಮಾನ ಅವನ ಬಾಯಿಂದಲೇ ಜಾರಿ ಬೀಳಬೇಕು, ಅದನ್ನು ಶಾಂತಿ ಕಣ್ಣಾರೆ ನೋಡಬೇಕು, ಅಷ್ಟೇ.

ಶಂಕರನೇ ಶಿವಮಲ್ಲುವಿನ ಕಿವಿಗೆ ಹಾಕಿದ: ಸೋಮೇಶನನ್ನು ನಮ್ಮ ಕ್ಲಬ್ಬಿಗೇ ಕರೆಸಿದರೆ ಹೇಗೆ? ಗೋವಿಂದಯ್ಯ ಹಿರಿಹಿರಿ ಹಿಗ್ಗಿದರು. ಸೋಮೇಶನೂ ಒಪ್ಪಿದ, ಆದರೆ ಒಂದು ಷರತ್ತು. ಮರುದಿನ ಬೆಳಗ್ಗೆ ಏಳಕ್ಕೆ ವಯನಾಡಿನಲ್ಲಿ ಅವನಿಗೆ ದೊಡ್ಡ ತರಬೇತಿ. ಅಲ್ಲಿಗೆ ಹೋಗುವ ಕಾಡಿನ ರಸ್ತೆಯಲ್ಲಿ, ಕಾಡುಪ್ರಾಣಿಗಳ ಸಲುವಾಗಿ, ರಾತ್ರಿ ಒಂಬತ್ತಕ್ಕೆ ಮದ್ದೂರು ಚೆಕ್‌ಪೋಸ್ಟಿನ ಗೇಟು ಬಿದ್ದರೆ ಮತ್ತೆ ತೆಗೆಯುವುದು ಬೆಳಗ್ಗೆ ಆರಕ್ಕೆ. ಆದ್ದರಿಂದ ಎಂಟೂಕಾಲಿಗೆಲ್ಲ ತನ್ನನ್ನು ಬಿಡಬೇಕು. ಗೋವಿಂದಯ್ಯ ನಕ್ಕು, “ನಮ್ಮ ಗಂಟೆ ಎಂಟಕ್ಕೇ ಸಾರ್, ನೀವೇನೂ ಯೋಚನೆ ಮಾಡಬೇಡಿ,” ಅಂದರು. ಮಾರನೆಯ ದಿನ ಸೋಮೇಶನ ಪರಿಚಯಪತ್ರ ಬಂತು. ನಾಲ್ಕು ಪುಟ. ಕೆಳಗೊಂದು ಸೂಚನೆ: ‘ದಯವಿಟ್ಟು ಪೂರ್ತಿ ಓದಿಸಿ. ಹೋದ ಕಡೆಯೆಲ್ಲ ಅರ್ಧಕ್ಕೆ ನಿಲ್ಲಿಸಿ ಪ್ರಶಸ್ತಿಗಳನ್ನು ಬಿಟ್ಟುಬಿಡುತ್ತಾರೆ.’

ಆ ವಾರ ಶಂಕರ ಗೋವಿಂದಯ್ಯನವರ ಮನೆಗೆ ಹೋಗಿ, ಅತಿಥಿಗಳ ಪರಿಚಯ ತಾನು ಮಾಡುತ್ತೇನೆಂದ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

“ಆಯ್ತದೇನಪ್ಪಾ?”

“ಆಯ್ತದೆ ಸಾರ್.”

“ಸರಿ. ನಾಲ್ಕು ವರ್ಷದಿಂದ ಕಾಯ್ತಿದ್ದೆ, ನೀನಾಗೇ ಕೇಳ್ಲಿ ಅಂತ.”

ಮೇಷ್ಟ್ರ ಆ ಮಾತು ಶಂಕರನಿಗೆ ಸ್ವಲ್ಪ ಚುಚ್ಚಿತು. ಒಳ್ಳೆಯ ಮನುಷ್ಯನ ಗಂಟೆಯನ್ನು ತಾನು ಕೆಟ್ಟ ಕೆಲಸಕ್ಕೆ ಎರವಲು ತೆಗೆದುಕೊಳ್ಳುತ್ತಿದ್ದೇನಲ್ಲ ಅನಿಸಿತು. ಆದರೆ ಮನೆಗೆ ಬಂದಾಗ ಶಾಂತಿ ಬಾಗಿಲಲ್ಲಿ ಕೂತು, ನೀರು ಬೇಕೆಂದು ಲೋಟ ಎತ್ತಿ ತೋರಿಸಿದಳು. ಚುಚ್ಚಿದ್ದು ಅಲ್ಲಿಗೇ ಮಾಯವಾಯಿತು.

ಅವನ ಹಂಚಿಕೆ ಬಲು ಸರಳ. ಒಂದು ಸುಳ್ಳಿಲ್ಲ, ಒಂದು ಬೈಗುಳವಿಲ್ಲ. ಜೇಬಿನಿಂದ ಕೈ ಹೊರಗೆ ತೆಗೆಯುವುದು, ತಾಳ ಹಾಕದಿರುವುದು, ಕಷ್ಟದ ಪದ ಬಂದಾಗ ಓಣಿಗೆ ತಿರುಗದಿರುವುದು. ಹುಟ್ಟಿದ ನಾಲಿಗೆಯಲ್ಲಿ, ಬರೆದದ್ದನ್ನು ಬರೆದ ಹಾಗೆ, ನಾಲ್ಕು ಪುಟವನ್ನೂ ಓದುವುದು. ಚಾಮುಂಡಿಗೆ ಗೊತ್ತಾದಾಗ ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದಳು.

“ಬ್ಯಾಡ ಕನ್ರೀ. ಮಗು ಮುಂದ್ಗಡೆ ಕೂತಿರ್ತದೆ. ಜನ ನಿಮ್ಮನ್ನ ನೋಡಿ ನಗಾಡದ ಅದು ಇನ್ನೊಂದ್ಸಲ ನೋಡ್ಬೇಕಾ?”

“ನಗ್ಲಿ ಬುಡು,” ಅಂದ ಶಂಕರ. “ಎ... ಎಷ್ಟೊತ್ತು ನಗ್ತಾರೆ? ಜನಕ್ಕೂ ದ... ದವ್ಡೆ ನೋಯ್ತದೆ.”

ಶನಿವಾರ ಬಂತು. ಕ್ಲಬ್ಬಿನ ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ, ಎರಡನೇ ಸಾಲಿನಲ್ಲಿ ಚಾಮುಂಡಿ ಮತ್ತು ಶಾಂತಿ. ಆರೂವರೆಗೆ ಗಂಟೆ, ಪ್ರಾರ್ಥನೆ, ಹುಟ್ಟುಹಬ್ಬದವರಿಗೆ ಗುಲಾಬಿ, ಹೋದ ವಾರದ ವರದಿ ಎಲ್ಲ ಮುಗಿದರೂ ಅತಿಥಿ ಬರಲಿಲ್ಲ. ದಾರಿಯಲ್ಲಿ ಯಾರೋ ಕಾರು ನಿಲ್ಲಿಸಿ ಸೆಲ್ಫಿ ತೆಗೆಸಿಕೊಂಡರೆಂದು ಏಳೂ ಐದಕ್ಕೆ ಬಂದ. ಗೋವಿಂದಯ್ಯ ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದರೂ ಕೈ ಕುಲುಕಿದರು. ಬೂದು ಬಣ್ಣದ ಕೋಟು, ಹಣೆಯಲ್ಲಿ ಸಣ್ಣ ವಿಭೂತಿ, ಮುಖದಲ್ಲಿ ಆರದ ನಗು. ಶಂಕರನೇ ಅವನ ಮುಂದೆ ವಡೆಯ ತಟ್ಟೆ ಇಟ್ಟ. ಸೋಮೇಶ ಮುಖ ನೋಡದೆಯೇ “ಥ್ಯಾಂಕ್ಯೂ ಬ್ರದರ್” ಅಂದ, ಎರಡು ವಡೆ ತಿಂದ, ಕೈ ಒರೆಸಿಕೊಂಡ.

ಏಳೂ ಹತ್ತಕ್ಕೆ ಶಂಕರ ಮೈಕಿನ ಮುಂದೆ ನಿಂತ. ಎರಡೂ ಕೈ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ.

“ಸ... ಸ... ಸ... ಸಭೆಯ ಅ... ಅಧ್ಯಕ್ಷರೇ...”

ಸೋಮೇಶನ ಕಣ್ಣು ಮರೆತಿದ್ದ ಶಂಕರನನ್ನು ಕಿವಿ ಮರೆತಿರಲಿಲ್ಲ. ಕಾಫಿ ಲೋಟ ತುಟಿಗೆ ಹೋಗುವುದು ಅರ್ಧದಲ್ಲೇ ನಿಂತಿತು. ಅವನು ತಿರುಗಿ ನೋಡಿದ. ಶಂಕರ ನೋಡಲಿಲ್ಲ, ಅವನಿಗೆ ಓದುವುದು ಬಹಳವಿತ್ತು. ಸೋಮೇಶನೇ ಕುಳಿತು ಬರೆದ ಆ ಪತ್ರದಲ್ಲಿ ಒಂದೊಂದು ವಾಕ್ಯವೂ ‘ಶ್ರೀ ಸೋಮೇಶ್ ರವರು’ ಎಂದೇ ಶುರುವಾಗುತ್ತಿತ್ತು. ಶ್ರೀ ಸೋಮೇಶ್ ರವರು ಇಂಥಲ್ಲಿ ಹುಟ್ಟಿದರು, ಶ್ರೀ ಸೋಮೇಶ್ ರವರು ಇಂಥಲ್ಲಿ ಓದಿದರು. ಒಂದೊಂದು ‘ಶ್ರೀ’ ಒಂದೊಂದು ಬೆಟ್ಟ, ಅದನ್ನು ಇಳಿಯುವಷ್ಟರಲ್ಲಿ ‘ಸೋ’ ಎಂಬ ಇನ್ನೊಂದು.

ಮೊದಲ ಐದು ನಿಮಿಷ ಜನ ಕಾಲು ಬೆರಳು ನೋಡಿಕೊಂಡು ಕೂತರು. ಹಿಂದಿನ ಸಾಲಿನಲ್ಲಿ ಇಬ್ಬರು ಕಿಸಕ್ಕೆಂದರು. ಶಿವಮಲ್ಲು ಕುರ್ಚಿಯ ಸಮೇತ ತಿರುಗಿ ಅವರನ್ನು ದುರುಗುಟ್ಟಿಕೊಂಡು ನೋಡಿದ. ಹೋದ ತಿಂಗಳು ಅವನ ಹಸುವಿನ ಜೀವ ಉಳಿಸಿದ್ದು ಇದೇ ಶಂಕರ. ಆದರೆ ಶಂಕರನ ಕಣ್ಣಿಗೆ ಬಿದ್ದದ್ದು ಅವರಲ್ಲ. ಶಾಂತಿ ತಲೆ ತಗ್ಗಿಸಿದ್ದಳು. ಅವತ್ತು ಕಾಂಪೌಂಡಿನ ಆಚೆ ಅಪ್ಪ ತಗ್ಗಿಸಿದ ಹಾಗೆಯೇ, ಗಲ್ಲ ಎದೆಗೆ ತಾಗುವಂತೆ. ಶಂಕರನ ಬಲಗೈ ಮೇಜಿನಿಂದ ಜಾರಿ ಜೇಬಿನ ಕಡೆ ಹೊರಟಿತು. ತಾಳ ಹಾಕಿದರೆ ಐದು ನಿಮಿಷದಲ್ಲಿ ಮುಗಿಸಿ ಕೂರಬಹುದಿತ್ತು.

ಅವನನ್ನು ಉಳಿಸಿದವನು ಸೋಮೇಶನೇ. ಶಂಕರ ‘ಪ್ರ... ಪ್ರ...’ ಅಂತ ಒಂದು ಪದದಲ್ಲಿ ಸಿಕ್ಕಿಕೊಂಡಿದ್ದಾಗ ಸೋಮೇಶ ತನ್ನ ಮುಂದಿನ ಮೈಕಿಗೆ ಬಗ್ಗಿ, ಹಳೆಯ ಚಾಳಿಯಂತೆ, “ಪ್ರಶಸ್ತಿ! ಪ್ರಶಸ್ತಿ ಅಂತ. ಮುಂದಕ್ಕೆ ಹೋಗಿ ಬ್ರದರ್,” ಅಂದ.

ಟಣ್ ಎಂದು ಗಂಟೆ ಹೊಡೆಯಿತು.

“ಕ್ಷಮಿಸಬೇಕು ಸಾರ್,” ಎಂದರು ಗೋವಿಂದಯ್ಯ, ತುಂಬ ವಿನಯದಿಂದ. “ಸದಸ್ಯರು ಮಾತಾಡುವಾಗ ನಡುವೆ ಬಾಯಿ ಹಾಕಿದವರು ಹಾಡು ಹೇಳಬೇಕು. ಕ್ಲಬ್ಬಿನ ಪದ್ಧತಿ. ಅತಿಥಿಗಳಿಗೂ ರಿಯಾಯಿತಿ ಇಲ್ಲ.”

ಸೋಮೇಶ ನಗೆಯಲ್ಲಿ ತೇಲಿಸಿಬಿಡಲು ನೋಡಿದ. ಆಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ಶನಿವಾರ ಹಾಡಿದವರೇ. ವಕೀಲರಂತೂ ಮೊದಲು ಚಪ್ಪಾಳೆ ಹೊಡೆದವರು. ಸೋಮೇಶ ಎದ್ದು ನಿಂತು ಶಾಲೆಯ ಪ್ರಾರ್ಥನೆಯೊಂದನ್ನು ಹಿಡಿದ. ಮಾತು ಮಾರುವ ಗಂಟಲಿಗೆ ರಾಗ ಒಲಿದಿರಲಿಲ್ಲ. ಎರಡನೇ ಸಾಲಿಗೆ ದನಿ ಸೀಳಿತು, ಮೂರನೇ ಸಾಲು ಮರೆತೇ ಹೋಯಿತು. ಸಭೆಗೆ ಸಭೆಯೇ ನಕ್ಕಿತು. ಶಂಕರ ಸುಮ್ಮನೆ ನಿಂತು ಕಾದ. ಶಾಂತಿಯ ತಲೆ ಮೇಲಕ್ಕೆ ಬಂದದ್ದನ್ನು ನೋಡಿದ. ಅವನ ಕೈ ಜೇಬಿನ ಹತ್ತಿರದಿಂದ ಮೇಜಿಗೆ ವಾಪಸು ಬಂತು.

ಆಮೇಲೆ ಅವನು ಅವಸರ ಮಾಡಲಿಲ್ಲ. ಎರಡನೇ ಪುಟ ಮುಗಿಯುವಾಗ ಏಳೂವರೆ. ಸೋಮೇಶ ಒಂದು ಚೀಟಿ ಬರೆದು ಅಧ್ಯಕ್ಷರ ಮುಂದೆ ಸರಿಸಿದ. ಗೋವಿಂದಯ್ಯ ಓದಿ, ತಾವು ಪಿಸುಗುಟ್ಟುತ್ತಿದ್ದೇವೆಂದುಕೊಂಡು ಇಡೀ ಹಾಲಿಗೆ ಕೇಳುವಂತೆ, “ಪೂರ್ತಿ ಓದಿಸಬೇಕು ಅಂತ ತಾವೇ ಬರೆದು ಕಳಿಸಿದ್ದೀರಲ್ಲ ಸಾರ್?” ಅಂದರು. ಸೋಮೇಶ ಕೋಟಿನ ಗುಂಡಿ ಬಿಚ್ಚಿಕೊಂಡ. ತಟ್ಟೆಯಲ್ಲಿ ಉಳಿದ ವಡೆ ತಣ್ಣಗಾಗಿತ್ತು.

ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಶಂಕರನ ದವಡೆ ನೋಯುತ್ತಿತ್ತು, ಬೆನ್ನಿಗೆ ಅಂಗಿ ಅಂಟಿತ್ತು. ನಟನೆಯಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ವಿಚಿತ್ರವೆಂದರೆ ಹಾಲಿನಲ್ಲಿ ಈಗ ಯಾರೂ ಕಾಲು ಬೆರಳು ನೋಡುತ್ತಿರಲಿಲ್ಲ. ಪದ ಸಿಕ್ಕಿಕೊಂಡಾಗ ಜನರೂ ಉಸಿರು ಹಿಡಿಯುತ್ತಿದ್ದರು, ಬಿಡಿಸಿಕೊಂಡಾಗ ಅವರೂ ಬಿಡುತ್ತಿದ್ದರು. ಆ ಪುಟದ ಕೊನೆಗೆ ಒಂದು ಸಾಲಿತ್ತು: ‘ಶ್ರೀ ಸೋಮೇಶ್ ರವರು ಮಾತು ಬಾರದ ಸಾವಿರಾರು ಮಕ್ಕಳಿಗೆ ಮಾತು ಕೊಟ್ಟ ಗುರು.’ ಶಂಕರ ಅದನ್ನು ಎರಡು ನಿಮಿಷ ತೆಗೆದುಕೊಂಡು ಓದಿದ. ಓದಿ ಮುಗಿಸಿ ತಲೆ ಎತ್ತಿದ.

“ಒಂದು ಪ... ಪದ ಬಿಟ್ಟೋಯ್ತು. ಕ್ಷ... ಕ್ಷಮಿಸಿ. ಇನ್ನೊಂದ್ಸಲ ಓದ್ತೀನಿ.”

ಇನ್ನೊಂದು ಸಲ ಓದಿದ. ಅದೊಂದೇ ಆ ಸಂಜೆ ಅವನು ಹೇಳಿದ ಸುಳ್ಳು, ಯಾವ ಪದವೂ ಬಿಟ್ಟು ಹೋಗಿರಲಿಲ್ಲ. ಸೋಮೇಶ ಮೇಜಿನ ಮೇಲಿನ ಹೂಗುಚ್ಛವನ್ನು ನೋಡುತ್ತಾ ಕೂತಿದ್ದ, ಅದರಲ್ಲಿ ಎಷ್ಟು ಹೂವಿವೆಯೆಂದು ಯಾರೋ ಲೆಕ್ಕ ಕೇಳಿದ ಹಾಗೆ. ಎರಡನೇ ಸಾಲಿನಲ್ಲಿ ಶಾಂತಿಯ ತುಟಿಗಳು ಅಲುಗುತ್ತಿದ್ದವು. ಅಪ್ಪನ ಜೊತೆಜೊತೆಗೇ ಅವಳೂ ಒಂದೊಂದು ಪದವನ್ನು ಎಳೆಯುತ್ತಿದ್ದಳು, ದನಿಯಿಲ್ಲದೆ.

ನಾಲ್ಕನೇ ಪುಟದ ತುದಿಗೆ ಬಂದಾಗ ಗಡಿಯಾರದಲ್ಲಿ ಎಂಟಕ್ಕೆ ಒಂದು ನಿಮಿಷ. ಬಾಗಿಲಲ್ಲಿ ಸೋಮೇಶನ ಡ್ರೈವರು ನಿಂತು ಮಣಿಕಟ್ಟು ತಟ್ಟಿ ತೋರಿಸುತ್ತಿದ್ದ. ಉಳಿದದ್ದು ಒಂದೇ ಸಾಲು.

“ಇಂಥ ಮ... ಮಹನೀಯರನ್ನು ತ... ತಮ್ಮೆಲ್ಲರ ಪರವಾಗಿ... ಸ್ವಾ...”

ಶಂಕರ ನಿಂತ.

“ಸ್ವಾ... ಸ್ವಾ...”

ಈಗ ಅವನು ಮೊದಲ ಸಲ ಸೋಮೇಶನ ಕಡೆ ತಿರುಗಿದ. ಸೋಮೇಶನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಉಳಿದ ಅರ್ಧ ಪದ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಗೋವಿಂದಯ್ಯನವರ ಕೈ ಗಂಟೆಯ ಮೇಲಿತ್ತು. ಸೋಮೇಶ ಬಾಯಿ ಮುಚ್ಚಿಕೊಂಡ.

“ಸ್ವಾ...”

ಟಣ್ ಟಣ್ ಟಣ್. ಎಂಟು.

“ಸಮಯ ಮುಗಿಯಿತು,” ಎಂದು ಗೋವಿಂದಯ್ಯ ಎದ್ದು ನಿಂತರು. ಮುಖದಲ್ಲಿ ನಿಜವಾದ ಸಂಕಟ. “ಅತಿಥಿಗಳು ಸಕಾಲಕ್ಕೆ ಬಂದಿದ್ದರೆ ಅವರ ನುಡಿ ಕೇಳುವ ಭಾಗ್ಯ ಇರುತ್ತಿತ್ತು. ಇರಲಿ. ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ಲಿ.”

ರಾಷ್ಟ್ರಗೀತೆ ಮುಗಿಯಿತು. ಶಾಲು, ಹಾರ, ನೆನಪಿನ ಕಾಣಿಕೆ. ಚಪ್ಪಾಳೆ ಜೋರಾಗಿಯೇ ಬಿತ್ತು, ಆದರೆ ಜನರ ಕಣ್ಣೆಲ್ಲ ಮೈಕಿನ ಹತ್ತಿರ ಬೆವರು ಒರೆಸಿಕೊಳ್ಳುತ್ತಿದ್ದವನ ಮೇಲಿತ್ತು. ವಕೀಲರು ಬಂದು ಶಂಕರನ ಬೆನ್ನು ತಟ್ಟಿದರು. ಶಿವಮಲ್ಲು ದೂರದಿಂದಲೇ, “ಏನ್ ಗಟ್ಟಿ ಮನ್ಸ್ಯನಯ್ಯ ನೀನು! ಒಂದಕ್ಷರನೂ ಬುಡ್ನಿಲ್ವಲ್ಲ!” ಎಂದು ಕೂಗಿದ. ಪಾಪ, ಅವನಿಗೆ ಏನು ನಡೆಯಿತೆಂದು ಗೊತ್ತೇ ಆಗಿರಲಿಲ್ಲ.

ಗೊತ್ತಾದವನು ಹೊರಗೆ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಶಂಕರ ಮೇಜಿನ ಮೇಲೆ ಅತಿಥಿ ಬಿಟ್ಟು ಬಂದಿದ್ದ ಹೂಗುಚ್ಛ ಹಿಡಿದುಕೊಂಡು ಹೊರಗೆ ಬಂದ, ಹಿಂದೆ ಚಾಮುಂಡಿ, ಶಾಂತಿ. ಸೋಮೇಶನ ನಗು ಕೊನೆಗೂ ಆರಿತ್ತು.

“ಬೇಕಂತಲೇ ಮಾಡ್ದೆ ಅಲ್ವೇನೋ, ಶಂಕ್ರ?”

“ಊ... ಊಂ ಕಣ್ಲಾ.” ಮೂವತ್ತು ವರ್ಷದ ಮೇಲೆ ಅವನನ್ನು ‘ಲಾ’ ಅಂದದ್ದು ನಾಲಿಗೆಗೆ ಬೆಲ್ಲದಂತೆ ಹಿಡಿಸಿತು. “ನಿ... ನಿನ್ ಕತೆ ಸುಳ್ಳಾಗಿತ್ತು. ನಿಜ ಮಾ... ಮಾಡ್ಬುಟ್ಟೆ. ಸಾಹೇಬ್ರು ಬಂದ್ರು, ವ... ವಡೆ ತಿಂದ್ರು, ಕಾರ್ ಅತ್ತುದ್ರು. ನಾನಿನ್ನೂ ಸ್ವಾ... ಸ್ವಾ... ಅಂತಾನೇ ಇದ್ದೆ.”

ಸೋಮೇಶ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ. ಡ್ರೈವರು “ಎಂಟೂ ಹದಿನೈದು ಸಾರ್, ಗೇಟು” ಎಂದು ಗಾಡಿ ಚಾಲೂ ಮಾಡಿದ. ಅಷ್ಟರಲ್ಲಿ ಶಾಂತಿ ಅಪ್ಪನ ಕೈಯಿಂದ ಹೂಗುಚ್ಛ ತೆಗೆದುಕೊಂಡು ಮುಂದೆ ಹೋಗಿ, ತೆರೆದಿದ್ದ ಕಿಟಕಿಯೊಳಗೆ ಅದನ್ನು ಚಾಚಿದಳು. ಅವಳ ಕೈ ಕಿಟಕಿಯಲ್ಲೇ ಉಳಿಯಿತು. ಗಾಜು ಏರಿಸುವಂತಿರಲಿಲ್ಲ. ಅವಳ ಬಾಯಿ ತೆರೆಯಿತು.

“ಸಾ... ಸಾ... ಸಾರ್...”

ಚಾಮುಂಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರು ತಿಂಗಳ ಮೇಲೆ ಕೇಳುತ್ತಿರುವ ದನಿ. ಹಾಲಿನಿಂದ ಹೊರಗೆ ಬಂದ ಜನ ಮೆಟ್ಟಿಲ ಮೇಲೇ ನಿಂತರು. ಸೋಮೇಶನ ತುಟಿ ಅಲುಗಿತು; ಮೆಟ್ಟಿಲ ಮೇಲೆ ನಿಂತ ಗೋವಿಂದಯ್ಯನವರನ್ನು ನೋಡಿ ಸುಮ್ಮನಾಯಿತು. ಯಾರೂ ಅವಳ ಪದ ಮುಗಿಸಿಕೊಡಲಿಲ್ಲ. ಹುಡುಗಿ ತಾನೇ ಎಳೆದೆಳೆದು ತಂದಳು.

“ಇ... ಇವತ್ತು ನ... ನಮ್ಮಪ್ಪನ್ ಕ... ಕತೆ ಯೇಳ್ಲೇ ಇಲ್ವಲ್ಲ ಸಾರ್? ಯಾ... ಯಾಕೆ?”

ಸೋಮೇಶ ಅವಳನ್ನು ನೋಡಿದ, ಅವಳ ಹಿಂದಿದ್ದ ಶಂಕರನನ್ನು ನೋಡಿದ, ಮೆಟ್ಟಿಲ ತುಂಬ ನಿಂತ ಜನರನ್ನು ನೋಡಿದ. ಬಾಯಿ ತೆರೆದ. ಹೂಗುಚ್ಛ ಅವನ ತೊಡೆಯ ಮೇಲೆ ಬಿತ್ತು. ಲಕ್ಷ ಜನರಿಗೆ ಮಾತು ಮಾರಿದ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡುತ್ತಾ ಹೊತ್ತು ಹೋಗುತ್ತಿದೆಯೆಂದು ಹಾರ್ನಿನ ಮೇಲೆ ಬೆರಳಾಡಿಸುತ್ತಿದ್ದ.

ಶಂಕರ ಮುಂದೆ ಬಂದು ಮಗಳ ಹೆಗಲ ಮೇಲೆ ಕೈಯಿಟ್ಟ. ಕಿಟಕಿಗೆ ಬಗ್ಗಿದ.

“ನಿ... ನಿಧಾನಕ್ಕೆ ಯೇಳ್ಲಾ ಸೋಮೇಶ,” ಅಂದ. “ಕಾಯ್ತೀವಿ. ನ... ನಮ್ಗೇನ್ ಗೇಟ್ ಬೀಳಲ್ಲ.”